ಅತ್ತೆಯ ಆನೆಗಳು

ಹಳೆಯ ಕಂಪ್ಯೂಟರ್ ಬಿಸಿಯಾದಾಗ ಅದರ ಬೆನ್ನಿನಿಂದ ಒಂದು ವಾಸನೆ ಬರುತ್ತಿತ್ತು. ಧೂಳು ಸುಟ್ಟಂತೆ, ಬಿಸಿಲಿಗೆ ಒಣಹಾಕಿದ ಕಂಬಳಿಯಂತೆ. ನಿಮ್ಮ ಮನೆಯಲ್ಲೂ ಅಂಥದೊಂದು ದಪ್ಪ ಬೆನ್ನಿನ ಕಂಪ್ಯೂಟರ್ ಇದ್ದಿದ್ದರೆ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಮೊನ್ನೆ ವಿರಾಜಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಸಿದ್ದಾಪುರದ ಹತ್ತಿರ ನಾವಿದ್ದ ಹೆಂಚಿನ ಮನೆ, ಕಿಟಕಿಯ ಪಕ್ಕ ಕೂತ ಸುಮತಿ ಅತ್ತೆ, ಅವಳ ಹಿಂದೆ ಕುರ್ಚಿ ಎಳೆದುಕೊಂಡ ಅಜ್ಜ, ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂದುಬಿಟ್ಟಿತು.

ಸುಮತಿ ಅತ್ತೆ ನನ್ನ ಅಪ್ಪನ ತಂಗಿ. ಪೇಟೆಯಲ್ಲಿ ಮಕ್ಕಳಿಗೆ ಟೈಪಿಂಗ್ ಕಲಿಸುತ್ತಿದ್ದಳು. ಪ್ರೋಗ್ರಾಂ ಬರೆಯುವುದು ಅವಳ ಸ್ವಂತ ಹುಚ್ಚು. ಅಜ್ಜ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಕೆಲಸದವರ ಹಾಜರಿ ತೆಗೆದುಕೊಳ್ಳುತ್ತಾ ಇಡೀ ತೋಟ ಸುತ್ತುತ್ತಿದ್ದವರು. ಒಂದು ಬೆಳಿಗ್ಗೆ ಕಾಫಿ ಗಿಡಗಳ ನಡುವೆ ಆನೆ ಎದುರಾಗಿ, ಓಡಲು ಹೋಗಿ ಬಿದ್ದು ಕಾಲು ಮುರಿದುಕೊಂಡರು. ಕಾಲು ಕೂಡಿತು. ಆದರೆ ಅಜ್ಜ ಜಗಲಿಯ ಮೆಟ್ಟಿಲಿಳಿಯುವುದನ್ನೇ ಬಿಟ್ಟರು. ಯಾರು ಕರೆದರೂ “ನಾಳೆ ನೋಡುವ” ಎನ್ನುತ್ತಿದ್ದರು.

ಅವರ ಬೇಸರ ಕಳೆಯಲೆಂದು ಅತ್ತೆ ಒಂದು ಆಟ ಮಾಡಿದಳು. ಚೌಕಗಳ ಕೆಳಗೆ ಬಾಂಬು ಅಡಗಿರುವ, ಆಗ ಎಲ್ಲ ಕಂಪ್ಯೂಟರಿನಲ್ಲೂ ಇರುತ್ತಿದ್ದ ಆ ಆಟವೇ. ಒಂದು ಚೌಕ ಒತ್ತಿದರೆ ಅದರ ಸುತ್ತ ಎಷ್ಟು ಬಾಂಬುಗಳಿವೆ ಎಂದು ಅಂಕಿ ಹೇಳುತ್ತದೆ. ಯೋಚಿಸಿ ಮುಂದಿನದನ್ನು ಒತ್ತಬೇಕು. ಅತ್ತೆ ಚೌಕಗಳನ್ನು ಕಾಫಿ ಗಿಡ ಮಾಡಿದಳು, ಬಾಂಬುಗಳನ್ನು ಆನೆ ಮಾಡಿದಳು. ಆನೆ ಸಿಕ್ಕಿದರೆ ಘೀಳಿಡಬೇಕಲ್ಲ, ಅದಕ್ಕೆ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ ಕೂಗಿಸಿದಳು. ಅಜ್ಜ ಮೊದಲು ಒತ್ತಿದ್ದೇ ಆನೆಯನ್ನು. ನನ್ನ ಕೂಗಿಗೆ ಮೌಸ್ ಬಿಟ್ಟು, ಮುಖ ಬಿಳುಚಿಕೊಂಡು ಒಳಗೆ ಹೋಗಿಬಿಟ್ಟರು. ಅತ್ತೆಗೆ ಊಟ ಸೇರಲಿಲ್ಲ. “ತಪ್ಪು ಮಾಡ್ದೆ ಕಣೆ, ಅಳಿಸಿ ಹಾಕ್ತೀನಿ” ಎಂದಳು ನನಗೆ.

ಮರುದಿನ ಅಜ್ಜ ತಾವೇ ಬಂದು ಕೂತರು. “ಎಲ್ಲಿ, ಹಾಕು ಅದನ್ನ.” ಬೆಚ್ಚಿದರು, ಸೋತರು, ಮತ್ತೆ ಆಡಿದರು. ಬರಬರುತ್ತಾ ನನ್ನ ಘೀಳಿಗೆ ನಗತೊಡಗಿದರು. ಗೆದ್ದರೆ ಪರದೆಯ ತುಂಬ ಬೆಳ್ಳಗೆ ಕಾಫಿ ಹೂವರಳುತ್ತಿತ್ತು. ಮನೆಯವರನ್ನೆಲ್ಲ ಕರೆದು ತೋರಿಸುತ್ತಿದ್ದರು. ಆಮೇಲೆ ಅವರ ತಕರಾರು ಶುರುವಾಯಿತು.

“ಎಂತ ಆನೆ ಇವು? ಎಲ್ಲೆಲ್ಲೋ ನಿಂತಿರ್ತವೆ. ಹಲಸಿನ ಮರ ಬಿಟ್ಟು ಇಲ್ಲಿಗ್ಯಾಕೆ ಬರ್ತವೆ?”

“ಯಾವ ಮರ ಅಪ್ಪ?” ಅತ್ತೆ ಕೇಳಿದಳು.

“ಅಲ್ಲೇ, ತೋಡಿನ ನೀರು ದಾಟಿದ್ರೆ ಆಚೆ.” ಅಜ್ಜ ಕಿಟಕಿಯಿಂದ ಕೈ ತೋರಿಸಿದರು, ಕುತ್ತಿಗೆ ಚಾಚಿದರು. ಮರ ಕಾಣಲಿಲ್ಲ. “ಇಲ್ಲಿಂದ ಹೇಳಿದ್ರೆ ಗೊತ್ತಾಗಲ್ಲ. ಬಾ.”

ಕೋಲು ಹಿಡಿದು ಮೆಟ್ಟಿಲಿಳಿದೇಬಿಟ್ಟರು. ಅತ್ತೆ ಚಪ್ಪಲಿ ಕೂಡ ಹಾಕಿಕೊಳ್ಳದೆ ಹಿಂದೆ ಹೊರಟಳು, ಅವಳ ಹಿಂದೆ ನಾನು. ತೋಡಿನ ತನಕ ನಾವು ಹೋಗಲಿಲ್ಲ. ಗೇಟಿನ ಹತ್ತಿರ ನಿಂತು ಅಜ್ಜ ಬಹಳ ಹೊತ್ತು ಕಿವಿಗೊಟ್ಟರು. ಅವರ ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು. “ಇವತ್ತಿಗೆ ಸಾಕು” ಎಂದು ತಿರುಗಿದರು. ಮಾರನೆಯ ದಿನ ಇನ್ನೂ ಸ್ವಲ್ಪ ದೂರ ಹೋದೆವು. ಆಟದೊಳಗೆ ತೋಡು ಬಂತು, ಹಲಸಿನ ಮರ ಬಂತು. ಕಾಫಿ ಹೂವರಳಿಸುವ ಹೂಮಳೆ ಬೀಳುವ ಹೊತ್ತಿಗೆ ಅಜ್ಜ ಮೊದಲಿನಂತೆ ತೋಟ ಸುತ್ತುತ್ತಿದ್ದರು.

ಆ ಕಂಪ್ಯೂಟರ್ ಒಂದು ಮಳೆಗಾಲದಲ್ಲಿ ಕೆಟ್ಟಿತು, ಆಟವೂ ಅದರೊಳಗೇ ಹೋಯಿತು. ಅಜ್ಜ ತುಂಬ ವರ್ಷ ಬದುಕಿ, ನಿದ್ದೆಯಲ್ಲೇ ತೀರಿಕೊಂಡರು. ಮನೆ ಮಾರಿದೆವು; ಈಗ ಅಲ್ಲೊಂದು ಹೋಂಸ್ಟೇ ಇದೆ. ಅತ್ತೆ ಪೊನ್ನಂಪೇಟೆಯಲ್ಲಿದ್ದಾಳೆ. ಮೊನ್ನೆ ಅಂಗಡಿಯಿಂದ ಸೀದಾ ಅವಳ ಮನೆಗೇ ಹೋದೆ.

“ಆ ಆಟನ ಒಂದು ಸಿಡಿಗಾದ್ರೂ ಹಾಕಿಟ್ಕೋಬೇಕಿತ್ತು ಅತ್ತೆ” ಎಂದೆ.

“ಅಪ್ಪ ತೋಟಕ್ಕೆ ಹೋಗೋಕೆ ಶುರು ಮಾಡಿದ್ಮೇಲೆ ಅದನ್ನ ತೆಗೆದು ಆಡ್ಲೇ ಇಲ್ಲ ಕಣೆ” ಎಂದಳು ಅತ್ತೆ, ಕಾಫಿ ಲೋಟ ತೊಳೆಯುತ್ತಾ. “ಪುರುಸೊತ್ತೆಲ್ಲಿತ್ತು ಅವರಿಗೆ?”