ಹಾಲಸಿದ್ದಪ್ಪನವರ ದ್ವೀಪ

ಜರ್ಮನಿಯ ಸಿಂಡೆಲ್‌ಫಿಂಗೆನ್ನಿನಲ್ಲಿ ಕಾರುಗಳಿಗೆ ದಾರಿ ತೋರಿಸುವ ನಕ್ಷೆ ತಯಾರಿಸುವ ಒಂದು ಕಂಪನಿ ತನ್ನಲ್ಲಿ ಕೆಲಸಕ್ಕಿದ್ದ ಇಳಕಲ್ಲಿನ ಹಾಲಸಿದ್ದಪ್ಪನವರಿಗೆ ಸ್ಕಾಟ್ಲೆಂಡಿನ ಒಂದು ದ್ವೀಪವನ್ನು ವಹಿಸಿತ್ತು. ಪ್ಯಾರಿಸ್, ಮ್ಯೂನಿಕ್‌ಗಳೆಲ್ಲ ಬುದ್ಧಿವಂತರ ಪಾಲಾದ ಮೇಲೆ ಉಳಿದದ್ದು ಅದೊಂದೇ. ಉದ್ದ ಆರು ಕಿಲೋಮೀಟರ್, ಅಗಲ ಮೂರು. ಒಂದು ಗುಡ್ಡ, ಎರಡು ಕೆರೆ, ಒಂದು ರಸ್ತೆ, ಇಪ್ಪತ್ತೇಳು ಜನ. ಆರು ವರ್ಷ ಅವರು ಅದನ್ನು ತಿದ್ದಿ ತೀಡಿದರು. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಆ ಗುಡ್ಡದ ಎತ್ತರ ಸಿಗುತ್ತಿತ್ತು. ಸಮುದ್ರವನ್ನು ಅವರು ವಿಮಾನದ ಕಿಟಕಿಯಿಂದಷ್ಟೇ ನೋಡಿದ್ದರು; ಪಾಂಡಿತ್ಯಕ್ಕೆ ಅದೇನೂ ಅಡ್ಡಿಯಾಗಿರಲಿಲ್ಲ.

ಹೋದ ವರ್ಷ ಅಲ್ಲಿನ ಅಂಚೆ ವ್ಯಾನ್ ಓಡಿಸುವ ಈಶ್ಬೆಲ್ ಎಂಬಾಕೆ ದೂರು ಬರೆದಳು. ಪಕ್ಕದ ಪುಟ್ಟ ನಡುಗಡ್ಡೆಗೆ ಮರಳಿನ ಮೇಲೆ ಹೋಗುವ ದಾರಿ ದಿನಕ್ಕೆರಡು ಸಲ ಸಮುದ್ರದಲ್ಲಿ ಮುಳುಗುತ್ತದೆ. ನಕ್ಷೆ ನಂಬಿ ಬಂದವರ ಕಾರುಗಳನ್ನು ಎಳೆದೆಳೆದು ತನಗೆ ಸಾಕಾಗಿದೆ. ಹಾಲಸಿದ್ದಪ್ಪ ಉಪಗ್ರಹದ ಚಿತ್ರ ಲಗತ್ತಿಸಿ, ರಸ್ತೆ ಒಣಗಿಯೇ ಇದೆ ಎಂದು ವಿನಯದಿಂದ ತಿಳಿಸಿದರು. "ಬಂದು ನೋಡಿ" ಎಂದು ಉತ್ತರ ಬಂತು.

ಇಟಲಿಯ ಕನಸು ಕಾಣುತ್ತಿದ್ದ ಹೆಂಡತಿ ಶ್ರೀದೇವಿಯನ್ನು ಕರೆದುಕೊಂಡು ಬೇಸಿಗೆ ರಜೆಯಲ್ಲಿ ಹೋದರು. ಆ ಮರಳು ದಾರಿಯ ನಡುವೆ ನಿಂತು, ಫೋನಿನಲ್ಲಿ ತಮ್ಮದೇ ನಕ್ಷೆ ಪರೀಕ್ಷಿಸತೊಡಗಿದರು.

"ರೀ, ನೀರು ಬರಾಕತ್ತೇತಿ, ಈ ಕಡೆ ಬರ್ರಿ!" ಶ್ರೀದೇವಿ ದಂಡೆಯಿಂದ ಕೂಗಿದರು.

"ಇಲ್ಲೆ ರೋಡ್ ಐತಿ. ನಾನ ಹಾಕೀನಿ!"

"ಸಮುದ್ರಕ್ಕ ಯಾರು ಹೇಳ್ಯಾರ ಅದನ್ನ?"

ನೀರು ಮೊಣಕಾಲು ಮುಟ್ಟಿದಾಗ ವಿದ್ವತ್ತು ಸಡಿಲಾಯಿತು. ಈಶ್ಬೆಲ್ ಟ್ರ್ಯಾಕ್ಟರ್ ತಂದು ಅವರನ್ನು ಹತ್ತಿಸಿಕೊಂಡು ಬಂದಳು. "ರಸ್ತೆ ಒಣಗಿದೆಯಾ?" ಎಂದಷ್ಟೇ ಕೇಳಿದಳು. ಅವಳ ಅಡುಗೆಮನೆಯ ಒಲೆಯ ಮುಂದೆ ಸಾಕ್ಸ್ ಹರವಿ, ಗೋಡೆಯ ಮೇಲಿದ್ದ ಸಮುದ್ರದ ಉಬ್ಬರವಿಳಿತದ ವೇಳೆಯ ಪಟ್ಟಿಯನ್ನು ಹಾಲಸಿದ್ದಪ್ಪ ನಕಲು ಮಾಡಿಕೊಂಡರು.

ವಾಪಸು ಬಂದು ಆ ಪಟ್ಟಿ ತೋರಿಸಿದಾಗ ಟೀಮ್ ಲೀಡರ್ ಹೇಳಿದ: "ರಸ್ತೆ ಇದೆ ಅಥವಾ ಇಲ್ಲ. ಅರ್ಧ ದಿನ ಇರುವ ರಸ್ತೆಗೆ ನಮ್ಮಲ್ಲಿ ಕಾಲಮ್ ಇಲ್ಲ." ಕಾಲಮ್ ಇಲ್ಲದ ಮೇಲೆ ಅಂಥ ರಸ್ತೆ ಜಗತ್ತಿನಲ್ಲಿ ಇರುವುದಾದರೂ ಹೇಗೆ?

ನಕ್ಷೆಯಿಂದ ರಸ್ತೆ ಅಳಿಸಿಬಿಟ್ಟರೆ ನಡುಗಡ್ಡೆಯ ಒಂದೇ ಒಂದು ಮನೆಗೆ ದಾರಿಯೇ ಇಲ್ಲವಾಗುತ್ತದೆ. ವಾರವೆಲ್ಲ ಯೋಚಿಸಿದ ಹಾಲಸಿದ್ದಪ್ಪನವರಿಗೆ, ಕಾರುಗಳನ್ನು ನೀರು ದಾಟಿಸುವ ಫೆರಿ ಹಡಗುಗಳಿಗೆ ಮಾತ್ರ ವೇಳಾಪಟ್ಟಿಯ ಕಾಲಮ್ ಇರುವುದು ಕಾಣಿಸಿತು. ರಸ್ತೆ ತೆಗೆದು ಅಲ್ಲೊಂದು ಫೆರಿ ಹಾಕಿದರು. ನೀರಿಳಿಯುವ ಹೊತ್ತನ್ನೇ ಅದು ಹೊರಡುವ ಸಮಯವೆಂದು ಪ್ರತಿ ತಿಂಗಳೂ ತಾವೇ ತುಂಬತೊಡಗಿದರು. ಟೀಮ್ ಲೀಡರ್ ಸಂತೋಷದಿಂದ ಮಂಜೂರು ಮಾಡಿದ.

ಆಮೇಲೆ ಒಂದು ಕಾರೂ ಮುಳುಗಿಲ್ಲ. ಈಶ್ಬೆಲ್ ಬರೆದಳು: "ಈಗ ಎಲ್ಲರೂ ಸರಿಯಾದ ಹೊತ್ತಿಗೆ ಬರುತ್ತಾರೆ. ಬಂದು, ಹಡಗು ಎಲ್ಲಿ ಎಂದು ಕೇಳುತ್ತಾರೆ. ಮರಳಿನ ಮೇಲೆ ಕಾರು ಓಡಿಸಿ ಎಂದರೆ ನನ್ನನ್ನು ನಂಬುವುದೇ ಇಲ್ಲ."