ಪರಸಪ್ಪನ ಮಧ್ಯಾಹ್ನದ ಪರೀಕ್ಷೆ

ಬೆಳಗಿನ ಐದೂವರೆ. ಅಂಬೇವಾಡಿಯಲ್ಲಿ ಕಾಗದ ಕಾರ್ಖಾನೆಯ ಮೊದಲ ಪಾಳಿಯವರು ಇನ್ನೂ ಸೈಕಲ್ ಹೊರಗೆ ತೆಗೆದಿಲ್ಲ. ಮೋಟರ್ ರಿವೈಂಡಿಂಗ್ ಅಂಗಡಿಯ ಶಟರ್ ಅರ್ಧ ಎತ್ತಿ ಪರಸಪ್ಪ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಮುಂದೆ ಮರದ ಹಲಗೆ, ಅದರ ಮೇಲೆ ಡಬ್ಬಿಯಿಂದ ಬಿಚ್ಚಿದ ಕಂಪ್ಯೂಟರ್ ಬೋರ್ಡ್. ಒಂದು ಕೈ ಕೀಲಿಮಣೆಯ ಮೇಲೆ, ಇನ್ನೊಂದು ಪ್ರೊಸೆಸರ್ ಬಿಸಿ ಹೀರುವ ತಾಮ್ರದ ಗಟ್ಟಿಯ ಮೇಲೆ. ಪರದೆಯ ಮೇಲಿನ ವೇಗದ ಅಂಕಿಯನ್ನು ಐದೈದೇ ಏರಿಸುತ್ತಾರೆ. ಏರಿಸಿದಾಗಲೆಲ್ಲ ಕಾಲು ತಾಸು ಯಂತ್ರಕ್ಕೆ ಒಂದೇ ಸಮ ಲೆಕ್ಕ ಮಾಡಲು ಹಚ್ಚಿ, ಬಿಸಿ ನೋಡುತ್ತಾರೆ.

"ತಂಪಿನ್ಯಾಗ ಎಷ್ಟು ಮ್ಯಾಲ ಹತ್ತತೈತಿ ಮೊದಲ ನೋಡಬೇಕ್ರಿ. ಆಮ್ಯಾಲ ಬಿಸಲಿಗೆ ಎಷ್ಟು ಇಳಸಬೇಕಂತ ತಿಳೀತೈತಿ" ಅನ್ನುತ್ತಾರೆ.

ಕಂಪನಿ ಗೊತ್ತು ಮಾಡಿದ ವೇಗಕ್ಕಿಂತ ಪ್ರೊಸೆಸರನ್ನು ಜೋರಾಗಿ ಓಡಿಸುವ ಈ ಕೆಲಸಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಪರಸಪ್ಪ ಅದನ್ನು ಮಾಡುವುದು ಆಫೀಸುಗಳು ಗುಜರಿಗೆ ಹಾಕಿದ ಹಳೇ ಸರ್ವರ್‌ಗಳ ಚಿಪ್ಪಿನ ಮೇಲೆ. ಹಗಲೂ ರಾತ್ರಿ ದುಡಿಯಲೆಂದೇ ಮಾಡಿದ ಗಟ್ಟಿ ಚಿಪ್ಪುಗಳವು. ಅವುಗಳಲ್ಲಿ ಕೆಲವು ಮನೆಯ ಕಂಪ್ಯೂಟರಿನ ಸಾದಾ ಬೋರ್ಡಿಗೂ ಕೂಡುತ್ತವೆ. 1.8 ಗಿಗಾಹರ್ಟ್ಸ್‌ನದನ್ನು 2.4ಕ್ಕೆ ತಂದು ಹಳೇ ಡಿಸ್‌ಪ್ಲೇ ಕಾರ್ಡ್ ಹಾಕಿದರೆ ಆಟದ ಕಂಪ್ಯೂಟರ್ ತಯಾರು. ಬೆಲೆ ಹೊಸದರ ಕಾಲುಭಾಗ.

ಪರಸಪ್ಪನಿಗೆ ಈಗ ನಲವತ್ನಾಲ್ಕು. ತಂದೆ ಸವದತ್ತಿ ಕಡೆಯಿಂದ ಕಾರ್ಖಾನೆಗೆ ದುಡಿಯಲು ಬಂದವರು. ಮಗ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮೋಟರ್ ಸುತ್ತಲು ಕಲಿತ. ನಾಲ್ಕು ವರ್ಷದ ಹಿಂದೆ, 2005ರಲ್ಲಿ, ಹುಬ್ಬಳ್ಳಿಯ ಗುಜರಿಯಲ್ಲಿ ತಾಮ್ರ ಹುಡುಕಲು ಹೋದಾಗ ಸರ್ವರ್‌ಗಳ ಒಳಗಿನ ಗಟ್ಟಿ ತಾಮ್ರ ಕಣ್ಣಿಗೆ ಬಿತ್ತು. "ತಾಮ್ರಕ್ಕಂತ ತಂದ್ನಿ. ಬುಡಕ ಚಿಪ್ಪು ಜೀವಂತ ಇತ್ತು" ಎಂದು ನಗುತ್ತಾರೆ. ಮೊದಲ ವರ್ಷ ಹನ್ನೊಂದು ಚಿಪ್ಪು ಸುಟ್ಟರು. ಹೆಂಡತಿ ಸತ್ತೆವ್ವ ಸುಮ್ಮನಿರಲಿಲ್ಲ: "ಮಂದಿ ಮೋಟರ್ ಸುಟಗೊಂಡು ನಿಮ್ಮ ಕಡೆ ಬರ್ತಾರ. ನೀವು ಸುಟಗೊಂಡು ಯಾರ ಕಡೆ ಹೊಕ್ಕೀರಿ?"

ಹಠ ಬಿಡದೆ ಈ ನಾಲ್ಕು ವರ್ಷದಲ್ಲಿ ಹಳಿಯಾಳ, ಜೋಯಿಡಾ, ಮುಂಡಗೋಡ ಸೇರಿ ನಲವತ್ತಮೂರು ಮನೆಗೆ ಯಂತ್ರ ಕೊಟ್ಟಿದ್ದಾರೆ. ತೊಂದರೆ ಕೊಟ್ಟದ್ದು ನಲವತ್ತಮೂರನೆಯದು. ಅದು ಮುಂಡಗೋಡ ಹತ್ತಿರದ ತಾಂಡಾದ ಸುಭಾಷನದು. ಹದಿನೆಂಟು ವರ್ಷ ಲಾರಿ ಓಡಿಸಿದ ಸುಭಾಷ ಅನಮೋಡ ಘಟ್ಟದಲ್ಲಿ ಲಾರಿ ಉರುಳಿ ಸೊಂಟ ಮುರಿದುಕೊಂಡ. ಇನ್ನು ಸ್ಟೇರಿಂಗ್ ಮುಟ್ಟಬೇಡ ಎಂದರು ಡಾಕ್ಟರು. ಲಾರಿ ಓಡಿಸುವ ಆಟ ಒಂದಿದೆಯಂತೆ, ಅದು ಓಡುವ ಕಂಪ್ಯೂಟರ್ ಬೇಕು ಎಂದ. ಪರಸಪ್ಪ ಹುರುಪಿನಲ್ಲಿ 2.6ಕ್ಕೆ ಏರಿಸಿ ಕೊಟ್ಟುಬಂದರು. ಮೂರನೇ ದಿನ ಸುಭಾಷನ ಹೆಂಡತಿ ತುಳಜಾ ಫೋನ್ ಮಾಡಿದಳು: "ಪರಸಪ್ಪಣ್ಣಾ, ನಿನ್ನ ಡಬ್ಬಿ ಮಧ್ಯಾಹ್ನ ಆತಂದ್ರ ಮಲಗತೈತಿ ನೋಡು. ನಮ್ಮ ಮನ್ಯಾಗ ಮಲಗಾವ್ರು ಒಬ್ಬರ ಸಾಕು."

ಪರಸಪ್ಪ ಯಂತ್ರ ವಾಪಸ್ ತಂದು 2.4ಕ್ಕೆ ಇಳಿಸಿದರು. ಇನ್ನೊಂದು ಸಲ ನಿಂತರೆ ಹಣ ಮರಳಿಸಿ ಯಂತ್ರ ಹೊತ್ತು ತರುವ ಮಾತಾಗಿದೆ. ಈ ಏಪ್ರಿಲ್ ಬಿಸಿಲಲ್ಲಿ ಹಳಿಯಾಳದಲ್ಲಿ ಬಸ್ಸು ಬದಲಿಸಿ, ಯಂತ್ರ ತೊಡೆಯ ಮೇಲಿಟ್ಟುಕೊಂಡು ಪರಸಪ್ಪ ತಾಂಡಾ ಮುಟ್ಟುವಾಗ ಹನ್ನೆರಡು.

ತಗಡಿನ ಮಾಡು ಕಾದಿದೆ. "ತಂಗೀ, ದಿನಾ ಹೆಂಗ ಇಡತಿದ್ದಿ ಹಂಗ ಇಡವಾ" ಅನ್ನುತ್ತಾರೆ ಪರಸಪ್ಪ. ತುಳಜಾ ಯಂತ್ರವನ್ನು ಗೋಡೆಗೆ ತಾಗಿಸಿ ಇಡುತ್ತಾಳೆ. ಟಿವಿಗೆ ಹೊದಿಸುವ ಹಾಗೆ, ತಾನೇ ಕನ್ನಡಿ ಹಚ್ಚಿ ಕಸೂತಿ ಹಾಕಿದ ದಪ್ಪ ಬಟ್ಟೆಯನ್ನು ಹಿಂದಿನ ಫ್ಯಾನ್ ಮುಚ್ಚುವಂತೆ ಹೊದಿಸುತ್ತಾಳೆ. ಪರಸಪ್ಪನಿಗೆ ತಕ್ಷಣ ತಿಳಿಯುತ್ತದೆ. ಅಂಗಡಿಯಲ್ಲಿ ಬರಿಮೈಯಲ್ಲಿ ಪಾಸಾದ ಯಂತ್ರ ಇಲ್ಲಿ ಕಂಬಳಿ ಹೊದ್ದು ಬಿಸಿಲಲ್ಲಿ ದುಡಿದಿದೆ.

"ಧೂಳ ಕೂಡಬಾರದಂತ ಹೊಚ್ಚಿದ್ನಿ. ತಪ್ಪಾತೇನು?" ತುಳಜಾಳ ದನಿ ಸಣ್ಣದಾಗುತ್ತದೆ.

"ತಪ್ಪು ನಂದವಾ. ನಿಮ್ಮ ಮನಿ ನೋಡದನ ವೇಗ ಏರಸಿದ್ನಿ."

ಬಟ್ಟೆ ತೆಗೆ ಎಂದು ಪರಸಪ್ಪ ಹೇಳುವುದಿಲ್ಲ. ಯಂತ್ರವನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಹಿಂಬದಿ ತೆರೆದಿರುವಂತೆ ಅದೇ ಬಟ್ಟೆಯನ್ನು ಮಡಚಿ ಹೊದಿಸುತ್ತಾರೆ. 2.4ರಲ್ಲಿ ಆಟ ಶುರು. ಅರ್ಧ ತಾಸಿಗೆ ಬಿಸಿ ಎಪ್ಪತ್ತೊಂದು ಡಿಗ್ರಿ. ಇದು ಹೆಚ್ಚಾಯಿತೆಂದು ಪರಸಪ್ಪ ತಲೆಯಾಡಿಸಿ 2.3ಕ್ಕೆ ಇಳಿಸುತ್ತಾರೆ. ಈ ಸಲ ಅಂಕಿ ಅರವತ್ತಾರಕ್ಕೆ ಬಂದು ನಿಲ್ಲುತ್ತದೆ. ಗಂಟೆ ಒಂದಾಗುತ್ತದೆ, ಎರಡು, ಎರಡೂವರೆ; ಯಂತ್ರ ನಿಲ್ಲುವುದಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂತ ಸುಭಾಷ ಪರದೆಯ ಘಟ್ಟದಲ್ಲಿ ಲಾರಿ ಇಳಿಸುತ್ತಿದ್ದಾನೆ. ತಿರುವಿನಲ್ಲಿ ಮೈಯೂ ವಾಲುತ್ತದೆ.

"ಏ ಡ್ರೈವರ್ ಸಾಹೇಬ್ರ, ಊಟಕ್ಕ ಗಾಡಿ ನಿಲ್ಲಸ್ರಿ" ಅನ್ನುತ್ತಾಳೆ ತುಳಜಾ.

"ಘಟ್ಟ ಇಳದ ಮ್ಯಾಲ" ಅನ್ನುತ್ತಾನೆ ಸುಭಾಷ, ಕಣ್ಣು ತೆಗೆಯದೆ. "ಪರಸಪ್ಪಣ್ಣಾ, ಇನ್ನಷ್ಟು ಏರಸಾಕ ಬರೂದಿಲ್ಲೇನು?"

"ಮಳಿ ಹಿಡೀಲಿ, ಬಂದು ಏರಸ್ತೇನಿ. ಬ್ಯಾಸಗಿಗೆ ಇಷ್ಟ ಸಾಕು."

ಅಂದಿನಿಂದ ಪರಸಪ್ಪ ಗಿರಾಕಿಯ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆಯದೆ ಯಂತ್ರ ಒಪ್ಪಿಸುವುದಿಲ್ಲ. ಸುಭಾಷನ ಮನೆಯಿಂದ ಮೂರು ವಾರದಲ್ಲಿ ಒಂದೂ ಫೋನ್ ಬಂದಿಲ್ಲ. ಮುಂದೇನು ಆಸೆ ಎಂದು ಕೇಳಿದರೆ ಪರಸಪ್ಪ ಕೈಯೊರೆಸಿಕೊಂಡು ಹೇಳುತ್ತಾರೆ:

"ಯಂತ್ರ ಒಯ್ದ ಮಂದಿ ನನ್ನ ನಂಬರ್ ಮರೀಬೇಕ್ರಿ. ಅಷ್ಟಾದ್ರ ನಾ ಗೆದ್ದಂಗ."