ಕರಿ ಕುರಿಯ ತುಪ್ಪಟ

ನನಗೆ ತಾಳ್ಮೆ ಇಲ್ಲವೆಂದು ನನ್ನ ಯಜಮಾನರು ಹೇಳುತ್ತಾರೆ. ತಾಳ್ಮೆ ಇಲ್ಲದೆಯೇ ನಿಮ್ಮ ಜೊತೆ ಮೂವತ್ತು ವರ್ಷ ಬಾಳಿದೆನೇ ಎಂದು ನಾನು ಕೇಳುತ್ತೇನೆ. ಹೋದ ಬೇಸಿಗೆಯಲ್ಲಿ ಮಾತ್ರ ಹಾಗೆ ಕೇಳಲು ನನಗೆ ಬಾಯಿರಲಿಲ್ಲ.

ಹಂದನಕೆರೆ ಕಡೆಯ ನಮ್ಮ ತೋಟದಲ್ಲಿ ತೆಂಗು ಅವರದು, ಕುರಿ ನನ್ನವು. ಒಟ್ಟು ಎಂಟು. ಅದರಲ್ಲಿ ಕರಿ ಕುರಿಯೆಂದರೆ ನನಗೆ ಪ್ರಾಣ. ಹುಟ್ಟಿದ ವಾರಕ್ಕೇ ತಾಯಿ ಸತ್ತು, ಅಡುಗೆಮನೆ ಬಾಗಿಲಲ್ಲಿ ನನ್ನ ಕೈಯಿಂದ ಬಾಟಲಿ ಹಾಲು ಕುಡಿದು ಬೆಳೆದದ್ದು. ಹೋದ ಬೇಸಿಗೆಯಲ್ಲಿ ಅದು ಚೊಚ್ಚಲ ಗಬ್ಬವಾಗಿತ್ತು.

ತುಪ್ಪಟ ಕತ್ತರಿಸಲು ಪ್ರತಿವರ್ಷ ಹುಳಿಯಾರು ಕಡೆಯಿಂದ ಒಬ್ಬ ಅಜ್ಜ ಬರುತ್ತಾರೆ. ಶಿವರಾತ್ರಿ ಕಳೆದ ಮೇಲೆ ಬಂದು, ತಂಪು ಹೊತ್ತಿನಲ್ಲೇ ಕೆಲಸ ಮುಗಿಸಿ, ಬೆನ್ನ ಮೇಲೆ ಬೆರಳು ದಪ್ಪ ಉಣ್ಣೆ ಬಿಟ್ಟು ಹೋಗುತ್ತಾರೆ. ಅರ್ಧಂಬರ್ಧ ಕೆಲಸ ಎಂದು ನಾನು ಗೊಣಗುತ್ತಿದ್ದೆ. ಹೋದ ವರ್ಷ ಮೊಣಕಾಲು ನೋವೆಂದು ಅವರು ಬರಲಿಲ್ಲ. ಯುಗಾದಿ ಕಳೆಯಿತು, ಬಿಸಿಲು ನೆತ್ತಿ ಸುಡತೊಡಗಿತು. ಪಾಪ, ಕಂಬಳಿ ಹೊದ್ದು ಬಿಸಿಲಲ್ಲಿ ನಿಂತಿವೆಯಲ್ಲ ಎನ್ನಿಸಿ, ಒಂದು ದಿನ ತಿಂಡಿಯಾದ ಮೇಲೆ ಬಟ್ಟೆ ಹೊಲಿಯುವ ಕತ್ತರಿ ಹಿಡಿದು ನಾನೇ ಕೂತೆ. ಪ್ರೀತಿ ಹೆಚ್ಚಾಗಿ ಮೊದಲ ಸರದಿ ಕರಿ ಕುರಿಯದೇ ಆಯಿತು. ಚರ್ಮ ಕಾಣುವಂತೆ ನುಣ್ಣಗೆ ಕತ್ತರಿಸಿದೆ. ಅಷ್ಟರಲ್ಲಿ ಹನ್ನೊಂದಾಗಿತ್ತು, ಕೈ ಸೋತಿತ್ತು. ಉಳಿದವಕ್ಕೆ ನಾಳೆ ಎಂದು ಎಲ್ಲವನ್ನೂ ಬದುವಿನ ಮೇಲೆ ಮೇಯಲು ಬಿಟ್ಟೆ.

ಮಧ್ಯಾಹ್ನ ಹೋಗಿ ನೋಡಿದರೆ, ತುಪ್ಪಟ ಹೊತ್ತ ಏಳೂ ಮೆಲುಕು ಹಾಕುತ್ತಾ ಆರಾಮಾಗಿವೆ. ನನ್ನ ಕರಿ ಕುರಿ ಬಾಯಿ ತೆರೆದು, ನಾಲಗೆ ಚಾಚಿ ಏದುತ್ತಿದೆ. ಬೆನ್ನು ಮುಟ್ಟಿದರೆ ಕಾದ ಕಾವಲಿ. ತಾಯಿ, ಮರಿ ಎರಡನ್ನೂ ನಾನೇ ಕೊಂದೆ ಎನ್ನಿಸಿತು. ಅಜ್ಜನಿಗೆ ಫೋನ್ ಮಾಡಿದೆ.

"ಅಜ್ಜಾ, ತಂಪಾಗ್ಲಿ ಅಂತ ತುಪ್ಪಟ ಪೂರಾ ಕತ್ತರಿಸ್ಬುಟ್ಟೆ. ಏದ್ತಾ ಐತೆ."

"ಮೊದ್ಲು ನೆಳ್ಳಿಗೆ ಹೊಡ್ಕಳವ್ವ. ಕಾಲಿಗೆ, ಹೊಟ್ಟೆಗೆ ನೀರು ಹಾಕು. ಕುಡಿಯೋಕೂ ಇಡು," ಎಂದವರು ಆಮೇಲೆ ಕೇಳಿದರು. "ಮಟ್ಟೆ ಸುಲ್ದ ಕಾಯ್ನ ಬಿಸ್ಲಿಗೆ ಹಾಕ್ತೀರೇನವ್ವ ನೀವು?"

"ಇಲ್ಲಜ್ಜ, ಬಿರುಕು ಬಿಡ್ತದೆ."

"ಇದೂ ಅಂಗೇ ಕಣವ್ವ. ತುಪ್ಪಟ ಚಳಿಗೊಂದೇ ಅಲ್ಲ, ಬಿಸ್ಲಿಗೂ ಅಡ್ಡ. ಬೆನ್ ಮ್ಯಾಲೆ ಒಂದೀಟು ಬುಡ್ಬೇಕು."

ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಮಟ್ಟೆ ಸಮೇತ ಕಾಯಿಯನ್ನು ಅಟ್ಟದ ಮೇಲಿಡುವ ಮನೆಯವಳು ನಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ ಇರಬೇಕು.

ಯಜಮಾನರು ಬಿಂದಿಗೆಯಲ್ಲಿ ನೀರು ತಂದು ತಂದು ಕೊಟ್ಟರು. ಬೈದಿದ್ದರೆ ವಾಸಿಯಿತ್ತು. ಐದರ ಹೊತ್ತಿಗೆ ಕುರಿ ಬಾಯಿ ಮುಚ್ಚಿ, ಮೂಗಿನಲ್ಲಿ ಉಸಿರಾಡಿ, ಬಕೆಟ್ಟಿಗೆ ಮೂತಿ ಇಟ್ಟಿತು. ಮರುದಿನದಿಂದ ಬಿಸಿಲೇರಿದ ಮೇಲೆ ಅದನ್ನು ಹೊರಗೆ ಬಿಡಲಿಲ್ಲ. ಮೇಯಲು ಹೊರಟಾಗ ಬೆನ್ನಿಗೊಂದು ಹಳೆಯ ಬಿಳಿ ಪಂಚೆ ಕಟ್ಟುತ್ತಿದ್ದೆ. "ಮದ್ವೆ ಗಂಡಿನಂಗೆ ಕಾಣ್ತದೆ ಕಣೇ," ಎಂದು ಇವರು ಛೇಡಿಸಿದರು. ಆಗ ನನಗೂ ನಗು ಬಂತು. ಅಜ್ಜ ಕುಂಟುತ್ತಲೇ ಬಂದು ಉಳಿದ ಏಳರ ತುಪ್ಪಟ ಕತ್ತರಿಸಿದರು. ನಾನು ಒಂದೊಂದಾಗಿ ಕುರಿ ಹಿಡಿದುಕೊಟ್ಟೆ.

ಮೂರು ವಾರದ ಮೇಲೆ ಒಂದು ಬೆಳಗ್ಗೆ ಕರಿ ಕುರಿ ಮರಿ ಹಾಕಿತು. ಹೆಣ್ಣು, ಅದೂ ಕರಿಯದೇ. ನೋಡಲು ಹತ್ತಿರ ಹೋದ ಇವರನ್ನು ಕಾಲು ಕುಟ್ಟಿ, ಗುಮ್ಮಿ ಓಡಿಸಿತು. ನಾನು ಹಳೆ ಬಟ್ಟೆ ಹಿಡಿದು ಅಂಜುತ್ತಲೇ ಕೂತೆ. ಕತ್ತರಿ ಹಿಡಿದಿದ್ದ ಕೈ ಇದೇ ತಾನೆ. ಅದು ನನ್ನ ಬೆರಳುಗಳನ್ನು ಮೂಸಿತು. ಆಮೇಲೆ ತಲೆ ತಗ್ಗಿಸಿ, ನಾನು ಮರಿಯ ಮೂತಿ ಒರೆಸುತ್ತಿದ್ದ ಹಾಗೇ ಮರಿಯ ಬೆನ್ನು ನೆಕ್ಕತೊಡಗಿತು. ನನಗೆ ಅಳು ಬಂತು. ಇವರು ನೋಡುತ್ತಿದ್ದರೂ ತಡೆದುಕೊಳ್ಳಲಿಲ್ಲ.